ಏಡನ್ನಿನಲ್ಲಿ ಇಳಿದವನು

ಹಡಗು ತಪ್ಪಿಹೋದರೆ ಏನು ಮಾಡಬೇಕೆಂಬುದನ್ನು ಭಾಷಣದ ನಡುವೆ ಹೇಳಬೇಕೋ ಕೊನೆಗೆ ಹೇಳಬೇಕೋ ಎಂದು ಯೋಚಿಸುತ್ತ ಅವಧೂತ ಗದ್ದದ ಕೆಳಗೆ ಕ್ಷೌರದ ಕತ್ತಿ ಎಳೆದ. ರಕ್ತ ಬಂತು. ಕನ್ನಡಿಯಲ್ಲಿ ಅದನ್ನು ಕಂಡು ಅವನಿಗೆ ಗಾಬರಿಯಾಗಲಿಲ್ಲ. ಹೆಣಕ್ಕೆ ಗಾಯವಾದರೆ ರಕ್ತ ಹರಿಯುವುದಿಲ್ಲವೆಂದು ಎಲ್ಲೋ ಓದಿದ್ದ. ಒರಸದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟ.

ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಅಂಬಾ ಟ್ರಂಕು ತುಂಬುತ್ತಿದ್ದಳು. ಅವಳನ್ನು ಕರೆದೊಯ್ಯಲು ಅವಳ ತಮ್ಮ ಮಾರ್ತಾಂಡ ಧಾರವಾಡದಿಂದ ನಿನ್ನೆ ಬಂದಿದ್ದ. ಗಾಡಿ ಇವತ್ತು ರಾತ್ರಿಗೆ. ಹೋಗುವುದೋ ಬಿಡುವುದೋ ಅವಧೂತನ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತು ಅವನ ಬಾಯಿಯಿಂದ ಬರದೆ ಆರು ತಿಂಗಳಾಗಿತ್ತು.

ಅಣ್ಣ ಪ್ರಲ್ಹಾದ ಕೋರ್ಟಿನ ಕರಿ ಕೋಟು ತೊಟ್ಟು ಬಾಗಿಲಿಗೆ ಬಂದು ನಿಂತ. ವಕೀಲನಾದರೂ ಮನೆಯಲ್ಲಿ ಅವನು ಹೆಚ್ಚು ವಾದಿಸುತ್ತಿರಲಿಲ್ಲ.

“ನಾಳಿನ ಮುಹೂರ್ತ ತಪ್ಪಿದ್ರ ಧನುರ್ಮಾಸ ಹತ್ತತದ,” ಎಂದ. “ದೀಪಾ ಹಚ್ಚೂದರೊಳಗ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಭಟ್ಟರಿಗೆ ಹೇಳಿ ಕಳಸ್ಬೇಕು.”

“ಸಂಜೀಕ ಭಾಷಣ ಅದ, ಅಣ್ಣಾ.”

“ಗೊತ್ತದ. ಅದು ಮುಗಿಸ್ಕೊಂಡ ಬಂದು ಅನ್ನು.”

ಪ್ರಲ್ಹಾದ ಛತ್ರಿ ಹುಡುಕಿಕೊಂಡು ಭಾಂಬುರ್ಡೆಯ ಕೋರ್ಟಿಗೆ ಹೊರಟುಹೋದ.

ಮನೆಯಲ್ಲಿ ಯಾರೂ ಅವಧೂತನ ಮೇಲೆ ಸಿಟ್ಟಾಗಿರಲಿಲ್ಲ. ಆದದ್ದು ಇಷ್ಟು. ಕಾಲೇಜಿನ ಬೇಸಿಗೆ ರಜೆಯಲ್ಲಿ ಅವನು ವಿಹಾರದ ಹಡಗು ಹತ್ತಿದ್ದ. ಮುಂಬಯಿಯಿಂದ ಏಡನ್, ಸುಯೆಜ್, ಪೋರ್ಟ್ ಸೈದ್ ನೋಡಿಕೊಂಡು ಮರಳುವ ಪ್ರವಾಸ. ಜತೆಗೆ ಶಿಕ್ಷಣ ಇಲಾಖೆಯ ಮಾಸ್ತರರು, ಡಾಕ್ಟರರು. ಏಡನ್ ಬಿಟ್ಟ ಮೇಲೆ ಅವನು ಹಡಗಿನಲ್ಲಿ ಸಿಗಲಿಲ್ಲ. ಅವನ ಸೂಟು, ಬೂಟು, ಕೈಗಡಿಯಾರ ಹಿಂದಿನ ಡೆಕ್ಕಿನಲ್ಲಿ ಒಪ್ಪವಾಗಿ ಮಡಿಚಿಟ್ಟ ಸ್ಥಿತಿಯಲ್ಲಿ ಸಿಕ್ಕವು. ದಂಡೆಗೆ ಇಳಿದವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಬಟ್ಟೆ ಕಳಚಿಟ್ಟು ಸಮುದ್ರಕ್ಕೆ ಹಾರಿದನೆಂದು ಕಪ್ತಾನ ಬರೆದ. ಯಾರೇ ಆಗಿದ್ದರೂ ಹಾಗೇ ಬರೆಯುತ್ತಿದ್ದರು.

ಹೆಣ ಸಿಗದವನಿಗೆ ಮಾಡುವ ವಿಧಿಯನ್ನು ಪ್ರಲ್ಹಾದ ತಪ್ಪಿಲ್ಲದೆ ಮಾಡಿದ. ಮುತ್ತುಗದ ಎಲೆಗಳಿಂದ ಆಳಿನ ಆಕಾರ ಮಾಡಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು, ಹೊಳೆದಂಡೆಯ ಓಂಕಾರೇಶ್ವರದ ಘಾಟಿನಲ್ಲಿ ಸುಟ್ಟ. ಅಂಬಾಳ ಕುಂಕುಮ ಅಳಿಸಿದ್ದು ಸೋದರತ್ತೆ ರಾಧಾಬಾಯಿ. ಹದಿಮೂರನೆಯ ದಿನ ಎಲೆ ಹಾಕಿ ಬಡಿಸುತ್ತಿದ್ದಾಗ ಏಡನ್ನಿನಿಂದ ತಂತಿ ಬಂತು. ಮಡಿಯಲ್ಲಿದ್ದ ಪ್ರಲ್ಹಾದ ಕಾಗದ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯವರು ದೂರ ನಿಂತು ಓದಿದರು. ಬಡಿಸುವವರು ನಿಂತರು. ಆಮೇಲೆ, ಅನ್ನ ಆರುತ್ತದೆಂದು, ಮತ್ತೆ ಬಡಿಸಿದರು.

ಮಂತ್ರದಿಂದ ಹೋದವನು ಮಂತ್ರದಿಂದಲೇ ಬರಬೇಕು ಎಂದರು ಭಟ್ಟರು. ಅದಕ್ಕೂ ವಿಧಿಯಿತ್ತು. ಅವನನ್ನು ಹೊಸದಾಗಿ ಹುಟ್ಟಿಸಬೇಕು. ಜಾತಕರ್ಮ ಮಾಡಿ, ಹೆಸರಿಟ್ಟು, ಮುಂಜಿ ಮಾಡಿ, ಅದೇ ಹೆಂಡತಿಯ ಜತೆ ಮತ್ತೆ ಮದುವೆ ಮಾಡಬೇಕು. ಎಲ್ಲ ಒಂದೇ ದಿನದ ಕೆಲಸ.

ಈ ವಯಸ್ಸಿನಲ್ಲಿ ಕಾಲಿಗೆ ತೊಟ್ಟಿಲು ಸಾಲುವುದಿಲ್ಲ ಎಂದು ಅವಧೂತ ಕಾಲೇಜಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಭೂಗೋಳ ಕಲಿಸುವವನು ಇಂಥದ್ದಕ್ಕೆ ಒಪ್ಪಿದರೆ ಹುಡುಗರ ಮುಂದೆ ನಿಲ್ಲುವುದು ಹೇಗೆ ಎಂದರು. ಹಾಗೆ ಅವನ ನಿರಾಕರಣೆಗೆ ಒಂದು ತತ್ವ ಸಿಕ್ಕಿತು. ಅದು ಅನುಕೂಲವಾಗಿತ್ತು.

ಅನುಕೂಲವಿಲ್ಲದ್ದು ಅಂಬಾಳಿಗೆ. ನವರಾತ್ರಿಯಲ್ಲಿ ಅರಿಷಿಣ ಕುಂಕುಮಕ್ಕೆ ಕರೆಯಲು ಹೊರಟ ಹೆಂಗಸರು ಹೊಸ್ತಿಲ ತನಕ ಬಂದು, ಅವಳ ಬರಿ ಹಣೆ ನೋಡಿ, ಒಳಗಿದ್ದ ಅವನ ಕೆಮ್ಮು ಕೇಳಿ, ಮುಂದಿನ ಮನೆಗೆ ಹೋದರು. ವಿಧವೆಯೆನ್ನುವಂತಿರಲಿಲ್ಲ, ಮುತ್ತೈದೆಯೆನ್ನುವಂತೆಯೂ ಇರಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದರೂ ಸತ್ತವನ ಹೆಂಡತಿ ಬದುಕಿದವನ ಕೋಣೆಗೆ ಕಾಲಿಡುವ ಹಾಗಿರಲಿಲ್ಲ.

ಇವತ್ತು ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಬರಲಿಲ್ಲ.

“ಒಂದ ಮಾತು ಕೇಳ್ಲಿ?”

“ಕೇಳು.”

“ಏಡನ್ನಿನಾಗ ಜ್ವರಾ ಬಿಟ್ಟ ಮ್ಯಾಲೂ ಅಲ್ಲೇ ಇದ್ರಿ. ತಂತಿ ಯಾಕ ತಡಾ ಆತು?”

“ನಿಶ್ಶಕ್ತಿ ಭಾಳ ಇತ್ತು.”

“ತಂತಿ ನೀವು ಬರೀಬೇಕಾಗಿತ್ತೇನು? ನೀವು ಮಲಗಿದ್ದ ಶೇಠರ ಮನ್ಯಾಗ ಕಾರಕೂನ ಇದ್ದಾ ಅಂತ ನೀವ ಹೇಳಿದ್ರಿ.”

ಅವಧೂತ ಕತ್ತಿಯನ್ನು ಒರಸಿದ. ಒರಸಿದ್ದನ್ನೇ ಮತ್ತೆ ಒರಸಿದ. ಭಾಷಣಕ್ಕೆ ಹೊತ್ತಾಗುತ್ತದೆ ಎಂದ. ಭಾಷಣ ಸಂಜೆಗೆಂಬುದು ಇಬ್ಬರಿಗೂ ಗೊತ್ತಿತ್ತು.

“ಹೋಮಾ ಹವನಾ ಮಾಡಸ್ಕೊಳ್ರಿ ಅಂತ ನಾ ಅನ್ನೂದಿಲ್ಲ,” ಎಂದಳು ಅಂಬಾ. “ನಿಮಗ ತಿರುಗಿ ಬರೂದದನೋ ಇಲ್ಲೋ, ಅಷ್ಟ ಹೇಳ್ರಿ. ಅದರ ಮ್ಯಾಲೆ ಟ್ರಂಕಿಗೆ ಕೀಲಿ ಹಾಕೂದೋ ಬಿಡೂದೋ ನಾ ನೋಡ್ತೀನಿ.”

“ಬಂದೀನಲಾ.”

“ಬಂದೀರೇನು?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ಅವನು ತಲೆಯೆತ್ತುವ ಹೊತ್ತಿಗೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಕಾಲೇಜಿನಲ್ಲಿ ಆ ದಿನ ವಾಣಿಜ್ಯ ಮಾರುತಗಳ ಪಾಠ. ಹಲಗೆಯ ಮೇಲೆ ಅರಬ್ಬೀ ಸಮುದ್ರ ಬರೆದು, ಬಾಣದ ಗುರುತು ಹಾಕಿ, ಏಡನ್ ಇರುವಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟ. ಚುಕ್ಕೆ ಇಟ್ಟ ಕೈ ಅಲ್ಲೇ ಉಳಿಯಿತು. ಹುಡುಗರು ಕೆಮ್ಮಿದ ಮೇಲೆ ತೆಗೆದ.

ಅವನನ್ನು ಕೊಂದದ್ದು ಸಮುದ್ರವಲ್ಲ, ಮಡಿ. ಇದನ್ನು ಅವನು ಯಾರಿಗೂ ಸರಿಯಾಗಿ ವಿವರಿಸಿರಲಿಲ್ಲ. ಮಡಿಯಲ್ಲಿ ನಂಬಿಕೆಯಿಲ್ಲವೆಂದು ಹತ್ತು ಜನರ ಮುಂದೆ ಹೇಳಿದ್ದ. ಆದರೆ ಹಡಗಿನ ಊಟದ ಕೋಣೆಯ ವಾಸನೆಗೆ ಹೊಟ್ಟೆ ತೊಳಸಿ, ಐದಾರು ದಿನ ಬ್ರೆಡ್ಡು ಬಾಳೆಹಣ್ಣಿನ ಮೇಲೆ ಕಳೆದಿದ್ದ. ಡೆಕ್ಕಿನ ಪ್ರಯಾಣಿಕರಲ್ಲಿ ಒಬ್ಬ ಗುಜರಾತಿ ಬ್ರಾಹ್ಮಣ ಅಡಿಗೆಯವನಿದ್ದ; ಏಡನ್ನಿನಲ್ಲಿ ತನ್ನ ಶೇಠರ ಮನೆಗೆ ಬನ್ನಿ, ಬಿಸಿ ಬಿಸಿ ಬೇಳೆ ಅನ್ನ ಹಾಕುತ್ತೇನೆ ಎಂದ. ಆದರೆ ಅವರ ಪಂಕ್ತಿಯಲ್ಲಿ ಸೂಟಿನಲ್ಲಿ ಕೂಡ್ರುವಂತಿಲ್ಲ. ಅವಧೂತ ಹಿಂದಿನ ಡೆಕ್ಕಿನ ನಳದಲ್ಲಿ ಸ್ನಾನ ಮಾಡಿ, ಒಗೆದು ಒಣಗಿಸಿದ ಧೋತರ ಉಟ್ಟು, ಸೂಟು ಬೂಟು ಗಡಿಯಾರ ಕ್ಯಾನ್ವಾಸಿನ ಮರೆಯಲ್ಲಿ ಇಟ್ಟ. ಏಣಿಯ ಬಳಿ ಗದ್ದಲ; ಮೈಗೆ ಮೈ ತಗಲುತ್ತಿತ್ತು. ಹೆಸರು ಬರೆಸುವುದಕ್ಕೆ ಅಲ್ಲಿ ನಿಂತರೆ ಮಡಿ ಕೆಡುತ್ತದೆಂದು ಅಡಿಗೆಯವನು ಸಾಮಾನು ಇಳಿಸುವ ಬದಿಯಿಂದ ಅವನನ್ನು ದೋಣಿಗೆ ಇಳಿಸಿದ. ನಂಬಿಕೆಯಿಲ್ಲದವನು ಕಾಲು ಎಲ್ಲಿಯೂ ತಗಲದಂತೆ ಎತ್ತಿ ಎತ್ತಿ ಇಟ್ಟು ಇಳಿದ.

ಊಟವಾಯಿತು. ಕೈ ತೊಳೆಯಲು ಎದ್ದವನು ಬಿದ್ದ. ವಿಷಮಜ್ವರ. ಅವನ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಡಿಗೆಯವನು ಅವನನ್ನು ಮಾಸ್ತರ ಎಂದಷ್ಟೇ ಕರೆಯುತ್ತಿದ್ದ.

ಆಮೇಲಿನದು ಅಂಬಾ ಕೇಳಿದ ಭಾಗ.

ಜ್ವರ ಬಿಟ್ಟ ಬೆಳಿಗ್ಗೆ ಶೇಠರ ಮಾಳಿಗೆಯಲ್ಲಿ ಅವನಿಗೆ ಎಚ್ಚರವಾಯಿತು. ಬಂದರಿನಿಂದ ಹಡಗುಗಳ ಕೂಗು ಕೇಳುತ್ತಿತ್ತು. ಕಾರಕೂನ ಬಂದು ಊರು ಯಾವುದು, ತಂತಿ ಕೊಡಲೇ ಎಂದು ಕೇಳಿದ. ಅವಧೂತ ಕೈಯಾಡಿಸಿ ನಾಳೆ ಎಂದ. ಮರುದಿನವೂ ಕೇಳಿದ. ಮರುದಿನವೂ ನಾಳೆ. ನಿಶ್ಶಕ್ತಿ ಇದ್ದದ್ದು ನಿಜ, ಆದರೆ ಊರಿನ ಹೆಸರು ಹೇಳಲಾರದಷ್ಟು ಇರಲಿಲ್ಲ. ಮನೆಯ ನೆನಪಿಗಾಗಿ ತಡಕಾಡಿದ. ಅಂಬಾಳ ಮುಖ ತಂದುಕೊಂಡ. ಬಂತು. ಯಾವುದೋ ಪಾಠದ ಚಿತ್ರದ ಹಾಗೆ ಬಂದು, ನೋಡಿದ ಮೇಲೆ ಹೋಯಿತು. ಅವನು ಯಾರಿಗೂ ಬೇಕಾಗಿರಲಿಲ್ಲ, ಅವನಿಗೂ ಯಾರೂ ಬೇಕಾಗಿರಲಿಲ್ಲ. ಸುಖವೆಂದರೆ ಹೀಗಿರುತ್ತದೆಂದು ಅವನು ಊಹಿಸಿರಲಿಲ್ಲ. ಅಂಥ ಎರಡು ವಾರ ಕಳೆದ ಮೇಲೆ, ಕಾರಕೂನನಿಗೆ ಬೇಸರವಾದೀತೆಂಬ ಸಂಕೋಚಕ್ಕೆ, ವಿಳಾಸ ಹೇಳಿದ.

ಅವನು ನಾಳೆ ಎನ್ನುತ್ತಿದ್ದ ದಿನಗಳಲ್ಲೇ ಘಾಟಿನಲ್ಲಿ ಮುತ್ತುಗದ ಎಲೆ ಉರಿದಿತ್ತು. ಮೊದಲ ಬೆಳಿಗ್ಗೆಯೇ ಹೇಳಿದ್ದರೆ ತಂತಿ ಅದಕ್ಕೆ ಮೊದಲು ಬರುತ್ತಿತ್ತು. ಊರಿಗೆ ಬಂದ ಮೇಲೆ ತಾರೀಖು ಕೂಡಿಸಿ ನೋಡಿದ್ದ. ಒಮ್ಮೆ ನೋಡಿದ್ದು ಸಾಕಾಗಿತ್ತು.

ಕನ್ನಡ ಮಂಡಳಿಯ ಮಾಳಿಗೆ ಬುಧವಾರ ಪೇಟೆಯ ಒಂದು ವಾಡೆಯಲ್ಲಿತ್ತು. ಸೆಕ್ರೆಟರಿ ಶಿವಪುತ್ರಪ್ಪ ಮೆಟ್ಟಿಲ ಬುಡದಲ್ಲೇ ಅವಧೂತನನ್ನು ಹಿಡಿದು, ಒಂದು ಸಣ್ಣ ತಪ್ಪಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದ. ತಪ್ಪು ಗೋಡೆಯ ಮೇಲಿತ್ತು. ಜೂನಿನಲ್ಲಿ ಮಂಡಳಿ ಶೋಕಸಭೆ ಮಾಡಿ ಅವಧೂತನ ಫೋಟೋ ತೂಗುಹಾಕಿತ್ತು. ಅದು ಇನ್ನೂ ಅಲ್ಲೇ ಇತ್ತು.

“ಹಾಕೂದಕ್ಕ ಠರಾವು ಆಗಿತ್ರಿ,” ಎಂದ ಶಿವಪುತ್ರಪ್ಪ. “ಇಳಸೂದಕ್ಕೂ ಠರಾವು ಬೇಕಾಗ್ತದ. ಕಮಿಟಿ ಕೂಡಿಲ್ಲ.”

“ಇರ್ಲಿ ಬಿಡ್ರಿ.”

“ಫ್ರೇಮು ಮಾತ್ರ ಭಾಳ ಛಲೋ ಬಂದದ್ರಿ.”

ಅವಧೂತ ತನ್ನ ಫೋಟೋದ ಕೆಳಗೆ ನಿಂತು ಸಮುದ್ರ ಪ್ರವಾಸದ ಬಗ್ಗೆ ಮಾತಾಡಿದ. ಸಭೆ ತುಂಬಿತ್ತು. ಮುಂದಿನ ತಿಂಗಳು ಮತ್ತೊಂದು ವಿಹಾರದ ಹಡಗು ಹೊರಡಲಿತ್ತು. ರವಿವಾರ ಪೇಟೆಯ ಅರಿವೆ ವ್ಯಾಪಾರಿ ಮಲಕಪ್ಪ ಹೆಂಡತಿ ಕಲ್ಲವ್ವನನ್ನು ಕರೆದುಕೊಂಡು ಹೊರಟವನು. ಇಬ್ಬರೂ ಮುಂದಿನ ಸಾಲಿನಲ್ಲಿದ್ದರು.

ಮಾತು ಸಲೀಸಾಗಿ ಬಂತು. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ ಕೇಳಿ ತೆಗೆದುಕೊಳ್ಳಬೇಕು, ಹಿಂಬದಿಯಲ್ಲಿ ಯಂತ್ರದ ನಡುಕ ಹೆಚ್ಚು. ದೊಡ್ಡ ಟ್ರಂಕು ಕೆಳಗಿನ ಕೋಠಿಗೆ ಹೋಗುತ್ತದೆ, ಮತ್ತೆ ಕೈಗೆ ಸಿಗುವುದಿಲ್ಲ. ವಾರಕ್ಕೆ ಬೇಕಾದ್ದನ್ನು ಸಣ್ಣ ಚೀಲದಲ್ಲಿ ಇಟ್ಟುಕೊಳ್ಳಬೇಕು. ಹೊಟ್ಟೆ ತೊಳಸುತ್ತದೆಂದು ಉಪವಾಸ ಇರಬಾರದು, ಬರಿ ಹೊಟ್ಟೆಗೇ ತೊಳಸುವುದು ಹೆಚ್ಚು. ಹಚ್ಚಿದ ಅವಲಕ್ಕಿ, ಲಿಂಬೆಕಾಯಿ ಉಪ್ಪಿನಕಾಯಿ, ಒಣಶುಂಠಿ ಜತೆಗಿರಲಿ. ತಲೆ ತಿರುಗಿದರೆ ಹತ್ತಿರದ ತೆರೆ ನೋಡದೆ ದೂರದ ಅಂಚು ನೋಡಬೇಕು. ಬಂದರಿನಲ್ಲಿ ದೋಣಿ ಹತ್ತುವ ಮೊದಲೇ ಹೋಗಿ ಬರುವ ಬಾಡಿಗೆ ಮಾತಾಡಿಕೊಂಡು, ತಿರುಗಿ ಹಡಗಿನ ಏಣಿ ಮುಟ್ಟಿದ ಮೇಲೇ ಕೊಡಬೇಕು. ಹಡಗಿನ ಗಡಿಯಾರವನ್ನು ದಿನದಿನವೂ ಹಿಂದೆ ಮುಂದೆ ಮಾಡುತ್ತಾರೆ. ನಿಮ್ಮದನ್ನು ಅದಕ್ಕೆ ಸರಿಮಾಡಿಕೊಂಡೇ ದಂಡೆಗೆ ಇಳಿಯಬೇಕು.

ಏಡನ್ನಿನಲ್ಲಿ ಬಂಡೆ ಕೊರೆದು ಕಟ್ಟಿದ ಹಳೆಯ ನೀರಿನ ಹೊಂಡಗಳನ್ನು ತಪ್ಪದೆ ನೋಡಬೇಕೆಂದ. ಮೆಟ್ಟಿಲು ಬಹಳ, ಛತ್ರಿ ಇರಲಿ, ಕುಡಿಯುವ ನೀರು ಒಯ್ಯಿರಿ, ಹೊಂಡಗಳಲ್ಲಿ ನೀರಿರುವುದಿಲ್ಲ. ಅವನು ಆ ಹೊಂಡಗಳನ್ನು ನೋಡಿರಲಿಲ್ಲ. ವರ್ಣಿಸಿದ್ದು ಮಾತ್ರ ನೋಡಿದವನಂತಿತ್ತು. ನೋಡಿ ಬಂದಿದ್ದರೂ ಹೀಗೇ ಹೇಳುತ್ತಿದ್ದೆ ಎಂದು ಅವನಿಗೆ ಹೊಳೆಯಿತು. 

ಹಡಗು ತಪ್ಪಿದರೆ ಏನು ಮಾಡಬೇಕೆಂಬುದನ್ನು ಅವನು ಕೊನೆಗೂ ಹೇಳಲಿಲ್ಲ. ಕೇಳಿದ್ದು ಮಲಕಪ್ಪ. ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ ಇತ್ತಾದರೂ ಮಾಸ್ತರರಿಗೆ ಕೇಳುವ ಧೈರ್ಯ ವ್ಯಾಪಾರಿಗೇ ಇದ್ದದ್ದು.

“ಮತ್ತ ಹಡಗ ಹೋಗೇ ಬಿಡ್ತಂದ್ರ ಏನ್ ಮಾಡೂದ್ರಿ, ಸರ್? ಸಿಟ್ಟಾಗ್ಬ್ಯಾಡ್ರಿ. ಹೋಗಿ ತಿರುಗಿ ಬಂದಾವ್ರು ನಮ್ಮ ಕೈಗೆ ಸಿಕ್ಕದ್ದು ನೀವೊಬ್ರ.”

ಹಿಂದಿನ ಸಾಲಿನಲ್ಲಿ ಯಾರೋ ನಗೆ ನುಂಗಿದರು.

“ಕಂಪನಿಯ ಏಜಂಟನ ಕಚೇರಿಗೆ ಹೋಗಬೇಕು,” ಎಂದ ಅವಧೂತ. “ಮುಂದಿನ ಹಡಗಿಗೆ ಅವರು ವ್ಯವಸ್ಥೆ ಮಾಡತಾರ. ಮತ್ತ ಮನಿಗೆ ತಂತಿ ಕೊಡಬೇಕು.”

“ಯಾವದು ಮೊದಲ್ರಿ?” ಕಲ್ಲವ್ವ ಕೇಳಿದಳು. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದ ಹೆಂಗಸು, ಸೆರಗು ಸರಿಪಡಿಸಿಕೊಂಡಳು. “ಮನಿ ತಂತಿ ಮೊದಲೋ, ಏಜಂಟ ಮೊದಲೋ? ಮನ್ಯಾಗಿದ್ದಾವ್ರಿಗೆ ಏನ್ ಗೊತ್ತಿರ್ತದ್ರಿ, ಪಾಪ.”

ಮಲಕಪ್ಪ ಅವಳನ್ನು ಮೊಣಕೈಯಿಂದ ತಿವಿದ. ಅವಳಿಗೆ ತಾನೇನು ತಪ್ಪು ಕೇಳಿದೆನೆಂದು ತಿಳಿಯಲಿಲ್ಲ.

ಅವಧೂತ ಮೇಜಿನ ಮೇಲಿದ್ದ ನೀರು ಕುಡಿದ. ಬೆಳಿಗ್ಗೆ ಬಾಗಿಲಲ್ಲಿ ಕೇಳಿದ ದನಿಯೇ ಇಲ್ಲಿಯೂ ಕೇಳುತ್ತಿತ್ತು. ಆಪಾದನೆಯಿಲ್ಲದ, ತಿಳಿದುಕೊಳ್ಳಲೆಂದೇ ಕೇಳುವ ದನಿ.

“ತಂತಿ,” ಎಂದ. “ತಂತಿ ಮೊದಲು.”

ಶಿವಪುತ್ರಪ್ಪ ಎದ್ದು, ಅನುಭವದಿಂದ ಬಂದ ಮಾತಿಗೆ ಬೆಲೆ ಕಟ್ಟಲಾಗದೆಂದು ಆಭಾರ ಮನ್ನಿಸಿ, ಸೇವಂತಿಗೆ ಹಾರ ಹಾಕಿದ. ಜನ ಎದ್ದರು. ಅವಧೂತ ಹಾರ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಅವನ ಕೈಗೇ ಕೊಟ್ಟ. ಶಿವಪುತ್ರಪ್ಪ ಯಾರ ಜತೆಗೋ ಮಾತಾಡುತ್ತಲೇ ಕುರ್ಚಿ ಹತ್ತಿ ಅದನ್ನು ಫೋಟೋಕ್ಕೆ ಹಾಕಿದ. ಹಾಕಿದ ಮೇಲೆ ತಿರುಗಿ ನೋಡಿದ. ಅವಧೂತ ಮೆಟ್ಟಿಲು ಇಳಿಯುತ್ತಿದ್ದ.

ಶನಿವಾರ ಪೇಟೆಯ ಮನೆಗೆ ಬರುವಾಗ ಅವನು ಹೊಳೆಯ ದಾರಿ ಹಿಡಿದ. ಘಾಟಿನಲ್ಲಿ ಯಾರದೋ ಚಿತೆ ಅರ್ಧ ಉರಿದಿತ್ತು. ಜನ ದೂರ ಕುಳಿತು ಬೀಡಿ ಸೇದುತ್ತಿದ್ದರು. ತನ್ನದು ಯಾವ ಜಾಗದಲ್ಲಿ ಉರಿಯಿತೆಂದು ಅವನು ಪ್ರಲ್ಹಾದನನ್ನು ಕೇಳಿರಲಿಲ್ಲ. ಹೂಂ ಅಂದುಬಿಡೋಣ ಎಂದುಕೊಂಡ. ಒಂದು ದಿನದ ನಾಟಕ. ಅವಳ ಹಣೆಗೆ ಕುಂಕುಮ ಬರುತ್ತದೆ, ನೆರೆಹೊರೆಯವರು ಕರೆಯುತ್ತಾರೆ, ಕಾಲೇಜಿನವರು ಎರಡು ದಿನ ನಗುತ್ತಾರೆ. ಆದರೆ ಹೊಗೆಯಲ್ಲಿ ಮಂತ್ರ ಹೇಳಿ ಭಟ್ಟರು ಕರೆದಾಗ ಬರಬೇಕಾದವನು ಯಾರು? ಎಲೆಯ ಗೊಂಬೆಯ ಜತೆ ಅವನು ಉರಿದು ಹೋಗಿದ್ದರೆ? ಶೇಠರ ಮಾಳಿಗೆಯಲ್ಲಿ ಎದ್ದ ಮನುಷ್ಯನಿಗೆ ಈ ಕರೆ ಸೇರಿದ್ದೇ ಅಲ್ಲ. ಹಾಗಾದರೆ ಉಹೂಂ. ಅದನ್ನೂ ಬಾಯಿಬಿಟ್ಟು ಹೇಳಿ ನೋಡಿದ. ಎರಡೂ ಮಾತಿಗೆ ಒಂದೇ ತೂಕವಿತ್ತು.

ಮನೆಯ ಮುಂದೆ ಟಾಂಗಾ ನಿಂತಿತ್ತು. ಟ್ರಂಕು ಇನ್ನೂ ಕಟ್ಟೆಯ ಮೇಲಿತ್ತು. ಮಾರ್ತಾಂಡ ಅದರ ಪಕ್ಕ ಕುಳಿತು, ಭಾವನಿಗೆ ನಮಸ್ಕಾರ ಮಾಡಬೇಕೋ ಬೇಡವೋ ಎಂಬ ಅನುಮಾನದಲ್ಲಿ ಅರ್ಧ ಎದ್ದ. ಒಳಗೆ ಅಂಬಾ ಪ್ರಯಾಣದ ಸೀರೆಯುಟ್ಟು, ಗೋಡೆಗೆ ಒರಗದೆ ಕುಳಿತಿದ್ದಳು. ಅವನನ್ನು ನೋಡಿದಳು. ಕಣ್ಣು ತಗ್ಗಿಸಲಿಲ್ಲ.

“ಏನಂತಿ?” ಪ್ರಲ್ಹಾದ ಕೇಳಿದ.

“ಕೈಕಾಲು ತೊಳಕೊಂಡು ಬರ್ತೀನಿ.”

ಹಿತ್ತಿಲಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಇತ್ತು. ಮದುವೆ ಮನೆಗಳಿಗೆ ಅಡಿಗೆಗೆ ಒಯ್ಯುವಂಥದು. ಅವನು ಒಪ್ಪಿಯಾನೆಂಬ ನಂಬಿಕೆಯಿಂದಲೇ ಪ್ರಲ್ಹಾದ ಹಗಲಲ್ಲಿ ತಾಂಬಟ ಆಳಿಯ ಕಂಚುಗಾರರಿಂದ ಬಾಡಿಗೆಗೆ ತರಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸಿದ್ದ. ನಾಳೆ ಅವನನ್ನು ಇದರಲ್ಲೇ ಕೂಡ್ರಿಸಿ, ತುಪ್ಪ ಸವರಿ, ನೀರು ಹಾಕಿ, ಗರ್ಭದಿಂದ ಎತ್ತುವ ಹಾಗೆ ಎತ್ತುವುದು. ಒಳಮೈ ಸಂಜೆಯ ಕೊನೆಯ ಬೆಳಕಿಗೆ ಕೆಂಪಾಗಿತ್ತು.

ಅವನು ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು ಒಳಗೆ ಇಳಿದ. ಹಿಡಿಯುತ್ತದೋ ಇಲ್ಲವೋ ನೋಡುವುದಕ್ಕೆಂದು. ಮೊಣಕಾಲು ಮಡಿಚಿ, ತಲೆ ತಗ್ಗಿಸಿ ಕುಳಿತ. ಸರಿಯಾಗಿ ಹಿಡಿಯಿತು. ಮೇಲೆ ಅಂಚಿನಷ್ಟೇ ಆಕಾಶ. ಹುಳಿಯ ವಾಸನೆ, ತಣ್ಣನೆಯ ತಾಮ್ರ. ಮನೆಯ ಮಾತುಗಳು ಇಲ್ಲಿ ಕೇಳಿಸುತ್ತಿದ್ದವು, ಆದರೆ ಶಬ್ದ ಮಾತ್ರ. ಯಾರು ಏನೆಂದರೆಂದು ತಿಳಿಯುತ್ತಿರಲಿಲ್ಲ. ಜ್ವರ ಬಿಟ್ಟ ಬೆಳಿಗ್ಗೆಯ ನಿರಾಳ ಮೈಯನ್ನೆಲ್ಲ ಏರಿತು.

ಬಾವಿಯ ಕಡೆಯಿಂದ ಹೆಜ್ಜೆ ಬಂದವು. ರಾಧಾಬಾಯಿ. ಕಣ್ಣಲ್ಲಿ ಪೊರೆ ಬಂದ ಅತ್ತೆ, ಬಾಡಿಗೆಯ ಪಾತ್ರೆಯನ್ನು ನಂಬುವವಳಲ್ಲ. ತುಳುಕುವ ಕೊಡವನ್ನು ಅಂಚಿಗೆ ತಾಗಿಸಿ ಬಗ್ಗಿಸಿದಳು. ಬಾವಿಯ ನೀರು ಅವನ ಬೆನ್ನ ಮೇಲೆ ಬಿದ್ದು ಎರಡೂ ಬದಿಗೆ ಹರಿಯಿತು. ಹಲ್ಲು ಕಚ್ಚಿ ಅವನು ಉಸಿರು ಹಿಡಿದ. ಹೊರಗಿನಿಂದ ಅವಳ ಅಂಗೈ ಕೊಪ್ಪರಿಗೆಯ ತಳವನ್ನು ಸುತ್ತಲೂ ಸವರಿ ನೋಡಿತು.

“ಸೋರೂದಿಲ್ಲ,” ಎಂದಳು ತನಗೆ ತಾನೇ. ಪೂರ್ತಿ ಖಾತ್ರಿಯಾಗಲೆಂದು ಮತ್ತೊಂದು ಕೊಡ ತರಲು ಹೋದಳು.

ಬೀದಿಯಲ್ಲಿ ಕುದುರೆಯ ಗೆಜ್ಜೆ ಅಲುಗಿತು. ಟಾಂಗಾ ಹೊರಟಿತೋ, ಕುದುರೆ ನಿಂತಲ್ಲೇ ಕತ್ತು ಕೊಡವಿತೋ, ತಾಮ್ರದೊಳಗೆ ಗೊತ್ತಾಗಲಿಲ್ಲ. ಮನೆಯೊಳಗಿನಿಂದ ಯಾರೋ ಕರೆದರು. ಯಾರನ್ನೆಂದು ಸ್ಪಷ್ಟವಾಗಲಿಲ್ಲ. ಓ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೆಜ್ಜೆ ಮತ್ತೆ ಹತ್ತಿರ ಬಂದವು, ಮುಚ್ಚಿದ.

ಎರಡನೆಯ ಕೊಡ ಬಿತ್ತು. ಅವನು ಮೊಣಕಾಲುಗಳನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ನೀರಿಗೆ ಜಾಗ ಮಾಡಿಕೊಟ್ಟ.